ಅಕ್ಷರ ದಾಸೋಹ: ಶಾಲೆಯ ಬಿಸಿಯೂಟ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನ ಉಚಿತವಾಗಿ ಬಿಸಿಯೂಟ ನೀಡುವ ಕರ್ನಾಟಕದ ಯೋಜನೆಯೇ ಅಕ್ಷರ ದಾಸೋಹ. ಶರಣರ ಪರಂಪರೆಯಿಂದ ಬಂದ 'ದಾಸೋಹ' ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇದಕ್ಕೆ ಆಧಾರವಾದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ಆರಂಭಿಸಿತು. ಆಗ ಹಲವು ರಾಜ್ಯಗಳಲ್ಲಿ ಮಕ್ಕಳ ಕೈಗೆ ಸಿಗುತ್ತಿದ್ದುದು ಬೇಯಿಸಿದ ಊಟವಲ್ಲ, ಬರೀ ಧಾನ್ಯ. ಮನೆ ಸೇರಿದ ಧಾನ್ಯ ಇಡೀ ಕುಟುಂಬಕ್ಕೆ ಹಂಚಿಹೋಗುತ್ತದೆ. ಶಾಲೆಯಲ್ಲಿ ಬಡಿಸಿದ ಅನ್ನ ಮಗುವಿನ ಹೊಟ್ಟೆಗೇ ಸೇರುತ್ತದೆ. ಹೀಗಾಗಿ 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶ ನಿಜವಾದ ತಿರುವು: ಕನಿಷ್ಠ 300 ಕ್ಯಾಲೊರಿ, 8–12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ನೀಡಬೇಕೆಂದು ಅದು ಹೇಳಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಮೊದಲಾಯಿತು; ನಂತರ ರಾಜ್ಯವಿಡೀ ಹಬ್ಬಿತು.

2013ರ ಆಹಾರ ಭದ್ರತಾ ಕಾಯ್ದೆಯಿಂದ ಎಂಟನೇ ತರಗತಿವರೆಗಿನ ಊಟ ಕಾನೂನುಬದ್ಧ ಹಕ್ಕಾಯಿತು. ಊಟದ ಪ್ರಮಾಣಗಳು ಹೀಗಿವೆ: ಕಿರಿಯ ಪ್ರಾಥಮಿಕಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್, 150 ಗ್ರಾಂ ಧಾನ್ಯ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೂ ಕರ್ನಾಟಕ ತನ್ನ ಖರ್ಚಿನಲ್ಲೇ ಊಟ ಹಾಕುತ್ತದೆ, ಇದು ಮೆಚ್ಚಬೇಕಾದ ಸಂಗತಿ. 2013ರ ಆಗಸ್ಟ್‌ನಲ್ಲಿ ಬಂದ ರಾಜ್ಯದ ಕ್ಷೀರಭಾಗ್ಯ ಯೋಜನೆಯಡಿ 150 ಮಿ.ಲೀ. ಹಾಲು ಸೇರಿತು.

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಯೋಜನೆಗೆ 'ಪಿಎಂ ಪೋಷಣ್' ಎಂಬ ಹೆಸರು ಬಂದು, ಬಾಲವಾಟಿಕೆಯ (ಒಂದನೇ ತರಗತಿಗೆ ಮುಂಚಿನ ಹಂತ) ಮಕ್ಕಳೂ ಅದರ ವ್ಯಾಪ್ತಿಗೆ ಸೇರಿದರು.