ಆರು ವಾಟಿನ ಲ್ಯಾಪ್‌ಟಾಪ್: ಕೊಳ್ಳುವ ಮುಂಚೆ ತಿಳಿಯಬೇಕಾದ್ದು

ನವಿ ಮುಂಬಯಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಓವರ್‌ಟೈಮಿನ ಹಣ ಕೂಡಿಟ್ಟು, ಸಿವಿಲ್ ಡಿಪ್ಲೊಮಾ ಓದುವ ಮಗಳಿಗೆ ಲ್ಯಾಪ್‌ಟಾಪ್ ಕೊಂಡರು. ಪೆಟ್ಟಿಗೆಯ ಮೇಲೆ 2.8 ಗಿಗಾಹರ್ಟ್ಸ್ ಎಂದಿತ್ತು. ಪತ್ರ ಬರೆಯಲು ಚೆನ್ನಾಗಿಯೇ ನಡೆಯಿತು. ಕಟ್ಟಡದ ನಕ್ಷೆ ತೆರೆದ ಕೂಡಲೆ ತೆವಳತೊಡಗಿತು. ಯಂತ್ರದಲ್ಲಿ ದೋಷವಿರಲಿಲ್ಲ, ಕೆಲಸಕ್ಕೂ ಯಂತ್ರಕ್ಕೂ ಹೊಂದಿಕೆಯಿರಲಿಲ್ಲ, ಅಷ್ಟೆ. ಇಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಈ ಸಾರಿಯ ಪಾಠವನ್ನು ಪ್ರೊಸೆಸರಿಗೆ ಮೀಸಲಿಟ್ಟಿದ್ದೇವೆ.

ಲೆಕ್ಕವನ್ನೆಲ್ಲ ಮಾಡುವ ಚಿಪ್ಪೇ ಪ್ರೊಸೆಸರ್. ಡೊಂಬಿವಲಿ ಸ್ಟೇಷನ್ನಿನ ಟಿಕೀಟು ಕಿಟಕಿಗಳನ್ನು ನೆನೆಯಿರಿ. ಕಿಟಕಿಗಳೆಷ್ಟೋ ಅಷ್ಟು ಕೋರ್. ಗುಮಾಸ್ತರ ಕೈಯ ವೇಗವೇ ಗಿಗಾಹರ್ಟ್ಸ್. ಅವರ ಮಗ್ಗುಲಿನ ಡ್ರಾಯರೇ ಕ್ಯಾಶ್. ಬೇಕಾದ್ದು ಅಲ್ಲಿಯೇ ಇದ್ದರೆ ಎದ್ದು ಒಳಕೋಣೆಗೆ ಹೋಗಬೇಕಾಗಿಲ್ಲ. ಕೈ ಎಷ್ಟು ಚುರುಕಾದರೂ ಎರಡೇ ಕಿಟಕಿ ತೆರೆದಿದ್ದರೆ ಬೆಳಗಿನ ಸಾಲು ಬೇಗ ಕರಗದು.

ಇನ್ನು ವಾಟ್. ಪ್ರೊಸೆಸರ್ ಸತತವಾಗಿ ದುಡಿಯುವಾಗ ಎಷ್ಟು ಶಾಖ ಬಿಡುವುದೆಂದು ಅದು ತಿಳಿಸುತ್ತದೆ. 6 ವಾಟಿನದು ಹೆಚ್ಚು ಕಾಯದು. ಆದ್ದರಿಂದ ಫ್ಯಾನಿಲ್ಲದೆಯೂ ಯಂತ್ರ ಕಟ್ಟಬಹುದು. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಸ್ವಲ್ಪ ಹೊತ್ತಿನ ವೇಗ. ಲೋಕಲ್ ಹಿಡಿಯಲು ಸೇತುವೆಯ ಮೇಲೆ ಓಡುವ ನಾವು ಕಚೇರಿಯವರೆಗೂ ಹಾಗೆಯೇ ಓಡಲಾರೆವಷ್ಟೆ!

ಇಂಟೆಲ್ ಕಂಪನಿಯ ಮೂರು ಪ್ರೊಸೆಸರುಗಳನ್ನು ಹೋಲಿಸೋಣ.

2019ರ ಸೆಲೆರಾನ್ ಎನ್4020: 2 ಕೋರ್, 4 ಎಂಬಿ ಕ್ಯಾಶ್, ಮೂಲವೇಗ 1.1, ಗರಿಷ್ಠ ವೇಗ 2.8 ಗಿಗಾಹರ್ಟ್ಸ್, 6 ವಾಟ್.
2023ರ ಎನ್100: 4 ಕೋರ್, 6 ಎಂಬಿ ಕ್ಯಾಶ್, ಗರಿಷ್ಠ ವೇಗ 3.4 ಗಿಗಾಹರ್ಟ್ಸ್, ಇದೂ 6 ವಾಟ್.
2022ರ ಕೋರ್ ಐ3-1215ಯು: 6 ಕೋರ್ (ದೊಡ್ಡವು 2, ಚಿಕ್ಕವು 4), 10 ಎಂಬಿ ಕ್ಯಾಶ್, ಗರಿಷ್ಠ ವೇಗ 4.4 ಗಿಗಾಹರ್ಟ್ಸ್, 15 ವಾಟ್.

ಮೊದಲೆರಡಕ್ಕೆ ವಾಟ್ ಒಂದೇ. ಕೆಲಸ ಮಾತ್ರ ಒಂದೇ ಅಲ್ಲ. ಟೈಪಿಂಗ್, ಲೆಕ್ಕಪತ್ರ, ಮಕ್ಕಳ ವಿಡಿಯೊ ಪಾಠ ಇವಕ್ಕೆ ಎನ್100 ಸಾಕು. ನಕ್ಷೆ, ವಿಡಿಯೊ ಸಂಕಲನದಂಥ ಭಾರದ ಕೆಲಸಕ್ಕೆ ಮೂರನೆಯ ಬಗೆಯದೇ ತಕ್ಕದ್ದು.

ಬ್ಯಾಟರಿಯ ಲೆಕ್ಕ ಸುಲಭ. 40 ವಾಟ್-ಅವರ್ ಬ್ಯಾಟರಿ ಇದ್ದು, ಪರದೆಯೂ ಸೇರಿ ಇಡೀ ಯಂತ್ರ 8 ವಾಟ್ ಎಳೆದರೆ 5 ಗಂಟೆ. 20 ವಾಟ್ ಎಳೆದರೆ 2 ಗಂಟೆ.

ಕಡಿಮೆ ವಿದ್ಯುತ್ತಿನದೆಂದರೆ ಕಳಪೆಯೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎಂಕೋರ್ ಸಂಸ್ಥೆಯ ಎಂಜಿನಿಯರರೂ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ 2004ರಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಅಷ್ಟರಲ್ಲಿಯೇ ಕನ್ನಡದಂಥ ದೇಶಭಾಷೆಗಳಲ್ಲಿ ಕೆಲಸ ನಡೆಸುವ ಉದ್ದೇಶ ಅದಕ್ಕಿತ್ತು. ಕೆಲಸವನ್ನು ಮೊದಲು ಗೊತ್ತುಮಾಡಿ, ಚಿಪ್ಪನ್ನು ಆಮೇಲೆ ಆರಿಸಿದ್ದರು. ನಾವೂ ಹಾಗೆಯೇ ಮಾಡಬೇಕು.

ಠಾಣೆಯಲ್ಲಾಗಲಿ ಕಲ್ಯಾಣದಲ್ಲಾಗಲಿ ಅಂಗಡಿಗೆ ಹೋದಾಗ ಪ್ರೊಸೆಸರಿನ ಪೂರ್ತಿ ಹೆಸರು, ಕೋರ್, ವಾಟ್, ಹೊರಬಂದ ವರ್ಷ ಇಷ್ಟನ್ನು ಬರೆದುಕೊಳ್ಳಿ. ರ‍್ಯಾಮ್ 8 ಜಿಬಿಗೆ ಕಡಿಮೆಯಿರದಿರಲಿ. ಮುಂದೆ ಹೆಚ್ಚಿಸಬಹುದೇ ಎಂದೂ ಕೇಳಿ. ವಿಂಡೋಸ್ ಯಂತ್ರವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಭಾಗ ನೋಡಿದರೆ ಹೆಸರೂ ಕೋರುಗಳೂ ಕಾಣುತ್ತವೆ. ಸಂದೇಹವಿದ್ದವರು ಬರೆದುಕೊಂಡ ಚೀಟಿಯನ್ನು ವಾಚನಾಲಯಕ್ಕೆ ತನ್ನಿ. ಹಣ ಕೊಡುವ ಮುಂಚೆ ಕೂಡಿ ಓದೋಣ.