ಎಸಿಗೆ ಗ್ಯಾಸ್ ತುಂಬಿಸುವಾಗ ಆಯಿಲ್ ಎಷ್ಟು ಹಾಕಬೇಕು?

ನಮ್ಮ ಮಾವ ಹಾಗಲವಾಡಿಯಿಂದ ಗುಬ್ಬಿ, ತುಮಕೂರು ಕಡೆಗೆ ಬಾಡಿಗೆ ಕಾರು ಓಡಿಸ್ತಾರೆ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅವರ ಕಾರಿನ ಎಸಿ ಬರೀ ಗಾಳಿ ಬಿಡ್ತಿತ್ತು, ತಂಪಿಲ್ಲ. "ಮೂರು ವರ್ಷದಿಂದ ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸ್ತಾ ಇದೀನಿ ಕಣಮ್ಮ, ಆಯಿಲ್ಲೂ ಹಾಕಿಸಿದೀನಿ. ಈಗ ಕಂಪ್ರೆಸರ್ರೇ ಹೋಗೈತೆ, ಹೊಸದು ಹಾಕ್ಬೇಕು ಅಂತಾರೆ. ನೀನು ಮೆಕ್ಯಾನಿಕಲ್ ಓದ್ತೀಯಲ್ಲ, ಹೇಳು" ಅಂದರು. ಹೊಸ ಕಂಪ್ರೆಸರ್ ಅಂದ್ರೆ ಅವರಿಗೆ ಎಷ್ಟೋ ದಿನದ ಬಾಡಿಗೆ ದುಡ್ಡು. ನನಗೆ ಏನೂ ಹೇಳೋಕೆ ಬರಲಿಲ್ಲ. ಥರ್ಮೋಡೈನಮಿಕ್ಸ್ ಪರೀಕ್ಷೆಯಲ್ಲಿ ರೆಫ್ರಿಜರೇಶನ್ ಸೈಕಲ್ ಚಿತ್ರ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೆ. ಆ ಚಿತ್ರದಲ್ಲಿ ಆಯಿಲ್ ಎಲ್ಲೂ ಇರಲಿಲ್ಲ!

ಆಮೇಲೆ ಓದಿ, ಕೇಳಿ ತಿಳ್ಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ.

ಎಂಜಿನ್ ಆಯಿಲ್ ಕೆಳಗೆ ಸಂಪ್‌ನಲ್ಲಿ ನಿಂತಿರುತ್ತೆ, ಕಡ್ಡಿ ಅದ್ದಿ ನೋಡಬಹುದು. ಕಾರಿನ ಎಸಿಯಲ್ಲಿ ಹಾಗಿಲ್ಲ. ಅಲ್ಲಿ ಆಯಿಲ್ ಗ್ಯಾಸಿನ ಜೊತೆಗೇ ಊರು ಸುತ್ತುತ್ತೆ. ಕಂಪ್ರೆಸರ್‌ನಿಂದ ಹೊರಟು ಕಂಡೆನ್ಸರ್, ಡ್ರೈಯರ್, ಇವಾಪೊರೇಟರ್ ಎಲ್ಲಾ ದಾಟಿ ವಾಪಸ್ ಕಂಪ್ರೆಸರ್‌ಗೆ ಬರಬೇಕು. ಅದನ್ನು ಹೊತ್ತು ತರೋದು ಗ್ಯಾಸೇ. ಹಾಗಾಗಿ ಗ್ಯಾಸ್ ತುಂಬಾ ಕಮ್ಮಿಯಾದರೆ ಆಯಿಲ್ ದಾರಿಯಲ್ಲೇ ಉಳಿದು, ಕಂಪ್ರೆಸರ್ ಒಣಗಿ ಸವೆಯುತ್ತೆ. ಆಯಿಲ್ ಇಲ್ಲದಿದ್ರೆ ಕಂಪ್ರೆಸರ್ ಹಾಳಾಗುತ್ತೆ ಅಂತ ಮಾವನಿಗಿದ್ದ ಭಯ ಸುಳ್ಳಲ್ಲ. ಆದರೆ ಅದಕ್ಕೆ "ಒಂದು ಸ್ವಲ್ಪ ಜಾಸ್ತಿನೇ ಇರಲಿ" ಅನ್ನೋದು ಮದ್ದಲ್ಲ.

ಯಾಕಂದ್ರೆ ಒಟ್ಟು ಆಯಿಲ್ ಇರೋದೇ ಅಷ್ಟು ಕಮ್ಮಿ. ಸಣ್ಣ ಕಾರಿನಲ್ಲಿ ಸಾಮಾನ್ಯವಾಗಿ 100 ಮಿ.ಲೀ. ಆಸುಪಾಸು, ಅಂದ್ರೆ ಬಸ್ ಸ್ಟ್ಯಾಂಡಿನಲ್ಲಿ ಕೊಡೋ ಒಂದು ಟೀ ಲೋಟದಷ್ಟು. ಮಾವನ ಕಾರಿಗೆ ಬೇಕಾದದ್ದು 120 ಮಿ.ಲೀ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಹಳೇ ಬಿಲ್ಲುಗಳನ್ನ ಹುಡುಕಿದೆ. ಪ್ರತಿ ಸಲ ಗ್ಯಾಸ್ ಜೊತೆ "ಆಯಿಲ್ 50 ಮಿ.ಲೀ." ಅಂತ ಇತ್ತು. ಮೂರು ಸಲಕ್ಕೆ 150. ಮೊದಲೇ ಇದ್ದ 120 ಸೇರಿಸಿ. ಹೊರಗೆ ಹೋಗಿದ್ದೆಷ್ಟು? ಪೈಪ್ ಜಾಯಿಂಟಿನ ಸುತ್ತ ಒಂದು ಜಿಡ್ಡಿನ ಕಲೆ, ಅಷ್ಟೇ. ಓ-ರಿಂಗ್ ಸವೆದು ತಿಂಗಳುಗಟ್ಟಲೆ ನಿಧಾನವಾಗಿ ಸೋರಿದ್ರೆ ಹೋಗೋದು ಹೆಚ್ಚಾಗಿ ಗ್ಯಾಸ್. ಆಯಿಲ್ ಹೋಗೋದು ಕೆಲವೇ ಮಿ.ಲೀ.

ಜಾಸ್ತಿಯಾದರೆ ಏನಾಗುತ್ತೆ? ನಮ್ಮ ಕೆರೆಗೆ ಹೂಳು ತುಂಬಿದ ಹಾಗೆ. ಕೆರೆ ಅಷ್ಟೇ ಅಗಲ ಕಾಣುತ್ತೆ, ನೀರು ಹಿಡಿಯೋದು ಕಮ್ಮಿ. ಹೆಚ್ಚಾದ ಆಯಿಲ್ ಕಂಡೆನ್ಸರ್, ಇವಾಪೊರೇಟರ್ ಕೊಳವೆಗಳ ಒಳಗೆ ಪದರ ಕಟ್ಟಿ ಕೂರುತ್ತೆ. ಶಾಖ ದಾಟೋಕೆ ಆ ಪದರವೇ ಅಡ್ಡ. ಗ್ಯಾಸಿಗೆ ಇರಬೇಕಾದ ಜಾಗವನ್ನೂ ಅದೇ ತಿನ್ನುತ್ತೆ. ಒತ್ತಡ ಏರುತ್ತೆ, ತಂಪು ಇಳಿಯುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ, ಕಂಪ್ರೆಸರ್ ಇರೋದು ಆವಿಯನ್ನ ಒತ್ತೋಕೆ. ದ್ರವವನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ. ಆಯಿಲ್ ಗುಟುಕು ಗುಟುಕಾಗಿ ಒಳಗೆ ಬಂದ್ರೆ ವಾಲ್ವ್ ಮುರಿಯಬಹುದು. ಅಂದ್ರೆ ಕಂಪ್ರೆಸರ್ ಉಳೀಲಿ ಅಂತ ಹಾಕಿದ ಆಯಿಲ್ಲೇ ಕಂಪ್ರೆಸರನ್ನ ಮುಗಿಸುತ್ತೆ.

ಹಾಗಾದ್ರೆ ಲೆಕ್ಕ ಹೇಗೆ? ಹೊರಗೆ ಹೋದಷ್ಟೇ ಒಳಗೆ. ಗ್ಯಾಸ್ ರಿಕವರಿ ಮಷೀನ್ ಇರೋ ಕಡೆ ಇದು ಸುಲಭ. ಮಷೀನ್ ಹಳೇ ಗ್ಯಾಸನ್ನ ಎಳೆದುಕೊಂಡು, ಅದರ ಜೊತೆ ಬಂದ ಆಯಿಲ್ಲನ್ನ ಗೆರೆ ಹಾಕಿದ ಬಾಟಲಿಗೆ ಬಿಡುತ್ತೆ. ಅಲ್ಲಿ 10 ಮಿ.ಲೀ. ಕಂಡರೆ ಹೊಸ ಆಯಿಲ್ 10 ಮಿ.ಲೀ. ಅಷ್ಟೇ. (ಗ್ಯಾಸನ್ನ ಸುಮ್ನೆ ಗಾಳಿಗೆ ಬಿಡಲೇಬಾರದು. ಆರ್-134ಎ ಭೂಮಿ ಬಿಸಿ ಮಾಡೋದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಜೋರು.) ಕಂಡೆನ್ಸರ್, ಡ್ರೈಯರ್ ಥರದ ಭಾಗ ಬದಲಾಯಿಸಿದ್ರೆ ಅದರೊಳಗೆ ಉಳಿದುಹೋದ ಆಯಿಲ್ಲನ್ನ ಸೇರಿಸಬೇಕು. ಯಾವ ಭಾಗಕ್ಕೆ ಎಷ್ಟು ಅಂತ ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಅಪಘಾತದಲ್ಲಿ ಪೈಪ್ ಒಡೆದು ಗ್ಯಾಸ್ ಒಮ್ಮೆಲೇ ಬುಸ್ ಅಂತ ಹೋಗಿದ್ರೆ ಮಾತ್ರ ಆಯಿಲ್ಲೂ ಜಾಸ್ತಿನೇ ಹೋಗಿರುತ್ತೆ.

ಹೊಸ ಕಂಪ್ರೆಸರ್ ಹಾಕುವಾಗ ತುಂಬಾ ಜನ ಎಡವೋದು ಇಲ್ಲಿ. ಅದು ಸಾಮಾನ್ಯವಾಗಿ ಇಡೀ ಸಿಸ್ಟಮ್ಮಿಗೆ ಸಾಕಾಗುವಷ್ಟು ಆಯಿಲ್ ತುಂಬಿಕೊಂಡೇ ಪ್ಯಾಕ್ ಆಗಿ ಬರುತ್ತೆ. ಕಾರಿನ ಉಳಿದ ಪೈಪುಗಳಲ್ಲಿ ಹಳೇ ಆಯಿಲ್ ಇದ್ದೇ ಇರುತ್ತಲ್ಲ? ಅದಕ್ಕೆ ಹಳೇ ಕಂಪ್ರೆಸರ್ ಬಗ್ಗಿಸಿ ಅಳೆದು, ಹೊಸದರಿಂದ ಹೆಚ್ಚಿನದನ್ನ ತೆಗೀಬೇಕು.

ಯಾವ ಆಯಿಲ್ ಅನ್ನೋದೂ ಮುಖ್ಯ. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಓಜೋನ್ ಪದರಕ್ಕೆ ಹಾನಿ ಮಾಡೋ ಆರ್-12 ಗ್ಯಾಸ್ ಹೋಗಿ ಆರ್-134ಎ ಬಂತು. ಹಳೇ ಮಿನರಲ್ ಆಯಿಲ್ ಆರ್-134ಎ ಜೊತೆ ಬೆರೆಯಲ್ಲ, ಬೆರೆಯದಿದ್ರೆ ತಿರುಗಿ ಬರಲ್ಲ. ಅದಕ್ಕೇ ಪ್ಯಾಗ್ ಆಯಿಲ್. ಅದರಲ್ಲೂ 46, 100, 150 ಅಂತ ಮಂದದ ಲೆಕ್ಕ ಇದೆ. ಕಂಪ್ರೆಸರ್ ಮೇಲಿನ ಲೇಬಲ್ ನೋಡಿ. ಪ್ಯಾಗ್ ಗಾಳಿಯ ತೇವ ಕುಡಿಯುತ್ತೆ, ಮುಚ್ಚಳ ತೆಗೆದು ವಾರಗಟ್ಟಲೆ ಇಟ್ಟ ಬಾಟಲಿ ಬೇಡ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕರೆಂಟ್ ಕಂಪ್ರೆಸರ್‌ಗೆ ಮಾಮೂಲಿ ಪ್ಯಾಗ್ ಹಾಕಲೇಬಾರದು. ಅದು ಕರೆಂಟನ್ನ ಸಾಕಷ್ಟು ತಡೆಯಲ್ಲ. ಅವಕ್ಕೆ ಹೆಚ್ಚಾಗಿ ಬೇರೆ ಎಸ್ಟರ್ ಆಯಿಲ್.

ಮಾವನ ಕಾರನ್ನ ತುಮಕೂರಿನಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಹತ್ರ ತಗೊಂಡು ಹೋದ್ವಿ. ಅವರು ಕಂಪ್ರೆಸರ್ ಇಳಿಸಿ ಬಗ್ಗಿಸಿದಾಗ ಅದೊಂದರಿಂದಲೇ 110 ಮಿ.ಲೀ. ಬಂತು. ಪೈಪು, ಕಂಡೆನ್ಸರ್ ಫ್ಲಶ್ ಮಾಡಿದಾಗ ಮತ್ತೂ ಬಂತು. ಓ-ರಿಂಗ್, ಡ್ರೈಯರ್ ಬದಲಾಯಿಸಿ, ಅಳೆದು 120 ಹಾಕಿ, ವ್ಯಾಕ್ಯೂಮ್ ಮಾಡಿ, ಗ್ಯಾಸನ್ನ ತೂಕ ಮಾಡಿ ತುಂಬಿದರು. ಕಂಪ್ರೆಸರ್ ಹಳೇದೇ. ಚೇಳೂರು ದಾಟೋ ಹೊತ್ತಿಗೆ ಮಾವ ಫ್ಯಾನ್ ಒಂದಕ್ಕೆ ಇಳಿಸಿದ್ರು. ಈಗ ಬಾನೆಟ್ ಒಳಗೆ ಮಾರ್ಕರ್‌ನಲ್ಲಿ ತಾರೀಖು, ಗ್ಯಾಸ್ ಎಷ್ಟು, ಆಯಿಲ್ ಎಷ್ಟು ಅಂತ ಬರೆದಿಟ್ಟಿದ್ದಾರೆ. ಅಕ್ಷರ ನನ್ನದೇ, ಆಯಿಲ್ ಅನ್ನೋದರಲ್ಲಿ ಒಂದು ಒತ್ತು ಜಾಸ್ತಿ ಬಿದ್ದಿದೆ ಅಂತ ಅತ್ತೆ ನಗ್ತಾರೆ.