ಉಪ್ಪುನೆಲದ ಸಸಿಗೆ ಸಸ್ಯಚೋದಕಗಳ ನೆರವು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ನೆಲಕ್ಕೆ ಉಪ್ಪಿನ ಕಾಟವಿಲ್ಲ. ಮುಂಗಾರಿನ ಧಾರಾಕಾರ ಮಳೆ ಮಣ್ಣಿನಲ್ಲಿ ಕರಗುವ ಲವಣಗಳನ್ನು ತೊಳೆದೊಯ್ಯುತ್ತದೆ. ಆದರೆ ಈ ಸೀಮೆಯ ನೀರು ಘಟ್ಟವಿಳಿದು ಕಡಲನ್ನು ಸೇರುವಲ್ಲಿ ಸ್ಥಿತಿ ಬೇರೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕುವ ಅಘನಾಶಿನಿಯು ಕುಮಟಾ ತಾಲೂಕಿನಲ್ಲಿ ಉಬ್ಬರದ ಉಪ್ಪುನೀರನ್ನು ಸಂಧಿಸುತ್ತದೆ. ಯಲ್ಲಾಪುರದ ಕಾಡಿನಲ್ಲಿ ಹರಿಯುವ ಬೇಡ್ತಿಯು ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ.

ಅಘನಾಶಿನಿಯ ಅಳಿವೆಯ ಬಳಿ ಗಜನಿ ಗದ್ದೆಗಳಿವೆ. ಬೇಸಗೆಯಲ್ಲಿ ಉಪ್ಪು ಹಿಡಿದ ಈ ನೆಲವನ್ನು ಮಳೆಯ ಸಿಹಿನೀರು ತೊಳೆದ ಬಳಿಕವೇ ರೈತರು ಭತ್ತವನ್ನು ಬಿತ್ತುತ್ತಾರೆ. ಮಳೆ ಕೈಕೊಟ್ಟರೆ, ಇಲ್ಲವೆ ಒಡ್ಡು ಒಡೆದರೆ, ಎಳೆಯ ಪೈರು ಉಪ್ಪಿಗೆ ಸಿಲುಕುತ್ತದೆ. ಭತ್ತವು ಮೊಳೆಯುವಾಗ ಉಪ್ಪನ್ನು ಬಹುಮಟ್ಟಿಗೆ ಸಹಿಸಬಲ್ಲದು. ಎರಡು ಮೂರು ಎಲೆಗಳ ಸಸಿಯಾದಾಗ ಮತ್ತು ಹೂಬಿಡುವಾಗ ಮಾತ್ರ ಬಹು ಸೂಕ್ಷ್ಮ.

ಉಪ್ಪು ಸಸಿಯನ್ನು ಎರಡು ವಿಧದಲ್ಲಿ ಬಾಧಿಸುತ್ತದೆ. ಮೊದಲನೆಯದಾಗಿ, ಮಣ್ಣಿನ ನೀರು ಸಾಂದ್ರವಾದಂತೆ ಬೇರು ಅದನ್ನು ಹೀರಲಾರದು. ನೀರಿನ ನಡುವೆಯೇ ಸಸಿ ಬಾಯಾರುತ್ತದೆ. ಎರಡನೆಯದಾಗಿ, ಸೋಡಿಯಂ ಒಳಹೊಕ್ಕು ಪೊಟ್ಯಾಸಿಯಮ್ಮಿನ ಸ್ಥಾನವನ್ನು ಆಕ್ರಮಿಸಿ ಜೀವಕೋಶಗಳ ಕೆಲಸವನ್ನು ಕೆಡಿಸುತ್ತದೆ. ಎಲೆಯ ತುದಿ ಒಣಗತೊಡಗುತ್ತದೆ.

ಇಲ್ಲಿ ಸಸ್ಯಚೋದಕಗಳ ಪಾತ್ರ ಬರುತ್ತದೆ. ಇವು ಗಿಡವು ತಾನೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುವ ರಾಸಾಯನಿಕಗಳು. ಜಿಬ್ಬರೆಲಿನ್ ಬೀಜದೊಳಗೆ ಅಮೈಲೇಸ್ ಎಂಬ ಕಿಣ್ವವನ್ನು ಹುಟ್ಟಿಸಿ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಉಪ್ಪಿನ ಒತ್ತಡದಲ್ಲಿ ಈ ಕ್ರಿಯೆ ಮಂದವಾಗುವುದರಿಂದ, ಬಿತ್ತುವ ಮುನ್ನ ಬೀಜವನ್ನು ಜಿಬ್ಬರೆಲಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿದರೆ ಮೊಳಕೆಗೆ ಚೈತನ್ಯ ಬರುತ್ತದೆ. ಅಬ್ಸಿಸಿಕ್ ಆಮ್ಲವು ಎಲೆಯ ಪತ್ರರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲವು ಸಸಿಯ ರಕ್ಷಣಾಕ್ರಿಯೆಗಳನ್ನು ಎಚ್ಚರಿಸುತ್ತದೆ.

ಆದರೆ ಮಿತಿ ಮೀರಬಾರದು. ಜಪಾನಿನಲ್ಲಿ ಭತ್ತದ ಸಸಿಗಳು ವಿಪರೀತ ಎತ್ತರ ಬೆಳೆದು ಬೀಳುತ್ತಿದ್ದ ರೋಗಕ್ಕೆ 'ಮೂರ್ಖ ಸಸಿ' ಎಂಬ ಅರ್ಥದ ಹೆಸರಿತ್ತು. ಅದಕ್ಕೆ ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು ಕುರೊಸಾವಾ 1926ರಲ್ಲಿ ತೋರಿಸಿದರು. ಮುಂದೆ ಜಿಬ್ಬರೆಲಿನ್ ಎಂದು ಹೆಸರಾದುದು ಅದೇ ವಸ್ತು. ಮಿತವಾದರೆ ನೆರವು, ಅತಿಯಾದರೆ ರೋಗ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು. ಚೋದಕವು ಸಸಿಯ ಸಹನೆಯನ್ನು ಹೆಚ್ಚಿಸೀತು. ನೆಲದ ಒಂದು ಕಣ ಉಪ್ಪನ್ನೂ ತೆಗೆಯಲಾರದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳಾದ ಹೊಲಕ್ಕೆ ಬಸಿಗಾಲುವೆ ಬೇಕು. ಗಜನಿಗೆ ಗಟ್ಟಿಯಾದ ಒಡ್ಡು ಬೇಕು. ಅದರ ಮೇಲೆ ತಕ್ಕ ತಳಿ ಬೇಕು. ಕುಮಟಾದ ಗಜನಿಯ 'ಕಗ್ಗ' ಭತ್ತವು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಗುಣವನ್ನು ತಲೆಮಾರುಗಳ ಆಯ್ಕೆಯಿಂದ ಪಡೆದಿದೆ. ಕೇರಳದ ಪೊಕ್ಕಾಳಿಯೂ ಅಂಥದೇ. ಉಪ್ಪನ್ನು ಸಹಿಸುವ ಹೊಸ ತಳಿಗಳಿಗೆ ವಿಜ್ಞಾನಿಗಳು ಅದರಿಂದ ವಂಶವಾಹಿಗಳನ್ನು ಪಡೆದಿದ್ದಾರೆ.

ಒಡ್ಡುಗಳು ಶಿಥಿಲವಾಗಿ, ಸಿಗಡಿ ಕೃಷಿ ಹರಡಿ, ಕಗ್ಗದ ಗದ್ದೆಗಳು ಕಿರಿದಾಗಿವೆ. ಚೋದಕವನ್ನು ಕಾರ್ಖಾನೆಯಲ್ಲಿ ಮತ್ತೆ ತಯಾರಿಸಬಹುದು. ಬಿತ್ತನೆ ನಿಂತು ಅಳಿದ ತಳಿಯನ್ನು ಮತ್ತೆ ಪಡೆಯಲಾಗದು. ಆದುದರಿಂದ ಒಡ್ಡನ್ನು ಕಾಯುವ ಮತ್ತು ಬೀಜವನ್ನು ಉಳಿಸುವ ಕಾಯಕವೇ ಮೊದಲು. ಚೋದಕದ ಸೀಸೆ ಅದರ ಹಿಂದೆ ಬರಲಿ.